ಕಾರ್ಡಿನ ಮಾಹಿತಿಯೂ ಅಮಾನತ್ತೇ: ಸೋರಿಕೆಯ ಹೊಣೆ ಯಾರದು?

2016ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ದೇಶದ ಅಸಂಖ್ಯ ಬ್ಯಾಂಕ್ ಗ್ರಾಹಕರಿಗೆ ಹೆಚ್ಚುಕಡಿಮೆ ಒಂದೇ ಬಗೆಯ ಸೂಚನೆ ತಲುಪಿತು. ಸುರಕ್ಷತೆಯ ಕಾರಣದಿಂದ ನಿಮ್ಮ ಡೆಬಿಟ್ ಕಾರ್ಡನ್ನು ಸ್ಥಗಿತಗೊಳಿಸಲಾಗಿದೆ, ಅಥವಾ ಕೂಡಲೇ ಪಿನ್ ಸಂಖ್ಯೆ ಬದಲಾಯಿಸಿಕೊಳ್ಳಿ ಎಂಬುದು ಅದರ ಸಾರ. ಸುಮಾರು 32 ಲಕ್ಷ ಕಾರ್ಡುಗಳ ಮಾಹಿತಿ ಕಳ್ಳರ ಪಾಲಾಗಿರಬಹುದೆಂಬ ಶಂಕೆ ಆಗ ಹಬ್ಬಿತ್ತು. ಸ್ಟೇಟ್ ಬ್ಯಾಂಕ್ ಒಂದೇ ಸುಮಾರು 6 ಲಕ್ಷ ಕಾರ್ಡುಗಳನ್ನು ಮುಚ್ಚಿ ಹೊಸದನ್ನು ಕೊಡಲು ಮುಂದಾಯಿತು. 19 ಬ್ಯಾಂಕುಗಳ 641 ಗ್ರಾಹಕರು ಒಟ್ಟು 1.3 ಕೋಟಿ ರೂಪಾಯಿ ಕಳೆದುಕೊಂಡಿರುವುದಾಗಿ ರಾಷ್ಟ್ರೀಯ ಪಾವತಿ ನಿಗಮ ಪ್ರಕಟಿಸಿತು. ಆ ಗ್ರಾಹಕರು ಭಾರತದಲ್ಲಿದ್ದರು. ಅವರ ಕಾರ್ಡುಗಳು ಮಾತ್ರ ಚೀನಾ ಮತ್ತು ಅಮೆರಿಕದಲ್ಲಿ ಬಳಕೆಯಾಗಿದ್ದವು.

ಅವರು ಮಾಡಿದ ತಪ್ಪೇನು? ಎಟಿಎಂಗೆ ಹೋಗಿ ತಮ್ಮದೇ ಹಣವನ್ನು ತೆಗೆದದ್ದು, ಅಷ್ಟೇ. ಯಾರಿಗೂ ಪಿನ್ ಹೇಳಿರಲಿಲ್ಲ, ಯಾವ ಆಮಿಷಕ್ಕೂ ಬಲಿಯಾಗಿರಲಿಲ್ಲ. ಬ್ಯಾಂಕೊಂದರ ಎಟಿಎಂಗಳ ವ್ಯವಹಾರವನ್ನು ಗುತ್ತಿಗೆಯ ಮೇಲೆ ನೋಡಿಕೊಳ್ಳುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವೀಸಸ್ ಎಂಬ ಸಂಸ್ಥೆಯ ಗಣಕ ವ್ಯವಸ್ಥೆಯೊಳಗೆ 2016ರ ಮಧ್ಯಭಾಗದಲ್ಲಿ ಕಳ್ಳ ತಂತ್ರಾಂಶವೊಂದು ಸೇರಿಕೊಂಡಿತ್ತು. ಮೊದಲ ವರದಿಯಲ್ಲಿ ನಮ್ಮಲ್ಲಿ ಸೋರಿಕೆಯಾದ ಲಕ್ಷಣ ಕಂಡಿಲ್ಲ ಎಂದು ಆ ಸಂಸ್ಥೆ ಹೇಳಿಕೊಂಡಿತು. ಬೆಂಗಳೂರಿನ ಸೀಸಾ ಎಂಬ ಲೆಕ್ಕಪರಿಶೋಧನಾ ಸಂಸ್ಥೆ ತನಿಖೆ ಮುಗಿಸಿದ ಬಳಿಕ, 2017ರ ಫೆಬ್ರವರಿಯಲ್ಲಿ, ಸೋರಿಕೆ ತನ್ನಲ್ಲಿಯೇ ನಡೆದದ್ದೆಂದು ಒಪ್ಪಿಕೊಂಡಿತು. ಎಷ್ಟು ಮಾಹಿತಿ ಹೊರಹೋಯಿತೆಂದು ಮಾತ್ರ ಹೇಳಲಾಗಲಿಲ್ಲ. ಆ ತಂತ್ರಾಂಶ ತನ್ನ ಹೆಜ್ಜೆಗುರುತನ್ನು ತಾನೇ ಅಳಿಸಿಕೊಂಡು ಹೋಗಿತ್ತು.

ಈ ಘಟನೆಯಲ್ಲಿ ಎಷ್ಟು ಮಂದಿ ಪಾತ್ರಧಾರಿಗಳಿದ್ದಾರೆಂದು ಗಮನಿಸೋಣ. ಕಾರ್ಡು ಕೊಟ್ಟ ಬ್ಯಾಂಕು ಒಂದು, ಎಟಿಎಂ ಇಟ್ಟ ಬ್ಯಾಂಕು ಇನ್ನೊಂದು, ಅದನ್ನು ನಡೆಸುವ ಗುತ್ತಿಗೆ ಸಂಸ್ಥೆ ಮತ್ತೊಂದು, ಇವೆಲ್ಲವನ್ನೂ ಬೆಸೆಯುವ ಪಾವತಿ ಜಾಲ ಬೇರೊಂದು. ಗ್ರಾಹಕನಿಗೆ ಪರಿಚಯವಿರುವುದು ಮೊದಲನೆಯದು ಮಾತ್ರ. ಉಳಿದವರ ಹೆಸರನ್ನೂ ಆತ ಕೇಳಿರುವುದಿಲ್ಲ. ಹಣ ಹೋದಾಗ ಮಾತ್ರ ಇವರೆಲ್ಲರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತಾರೆ. ಕೊನೆಗೆ ಆ ಬೆರಳು ತಿರುಗುವುದು ಏನೂ ಅರಿಯದ ಗ್ರಾಹಕನ ಕಡೆಗೆ. ನೀವೇ ಎಲ್ಲಿಯಾದರೂ ಪಿನ್ ಹೇಳಿರಬೇಕು, ನೆನಪು ಮಾಡಿಕೊಳ್ಳಿ ಎಂಬ ಮಾತನ್ನು ಬ್ಯಾಂಕಿನ ಕೌಂಟರಿನ ಮುಂದೆ ನಿಂತು ಕೇಳಿಸಿಕೊಂಡವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಮಗ ಗಲ್ಫಿನಲ್ಲಿ ದುಡಿದು ಕಳುಹಿಸಿದ ಹಣ ತಾಯಿಯ ಖಾತೆಯಲ್ಲಿರುತ್ತದೆ. ಆ ತಾಯಿಗೆ ಬ್ಯಾಂಕಿನ ಭಾಷೆಯೂ ತಿಳಿಯದು, ತನ್ನ ನಿರಪರಾಧವನ್ನು ಸಾಬೀತುಪಡಿಸುವ ಬಗೆಯೂ ತಿಳಿಯದು.

ಕದ್ದವನೇ ಅಪರಾಧಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಳ್ಳನು ಸಾವಿರಾರು ಮೈಲು ದೂರದಲ್ಲಿ, ಬೇರೆ ದೇಶದ ಕಾನೂನಿನ ಆಶ್ರಯದಲ್ಲಿ ಕುಳಿತಿರುತ್ತಾನೆ. ಬಹುಪಾಲು ಸಂದರ್ಭಗಳಲ್ಲಿ ಆತ ಸಿಗುವುದೇ ಇಲ್ಲ. ಆದ್ದರಿಂದ ನಮ್ಮ ಮುಂದಿರುವುದು ಬೇರೆಯೇ ಪ್ರಶ್ನೆ. ಕಳ್ಳ ಸಿಗದಿರುವಾಗ ನಷ್ಟವನ್ನು ತುಂಬಿಕೊಡಬೇಕಾದವರು ಯಾರು?

ಇದಕ್ಕೆ ಉತ್ತರ ಹುಡುಕುವವರು 2013ರಲ್ಲಿ ಅಮೆರಿಕದ ಟಾರ್ಗೆಟ್ ಎಂಬ ಬೃಹತ್ ಅಂಗಡಿ ಸಮೂಹದಲ್ಲಿ ನಡೆದುದನ್ನು ಓದಲೇಬೇಕು. ಅದರಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. ಆ ವರ್ಷದ ನವೆಂಬರ್ 27ರಿಂದ ಡಿಸೆಂಬರ್ 15ರವರೆಗೆ, ಅಲ್ಲಿನ ಹಬ್ಬದ ಖರೀದಿಯ ದಿನಗಳಲ್ಲಿ, ಸುಮಾರು 4 ಕೋಟಿ ಕಾರ್ಡುಗಳ ವಿವರವನ್ನು ಕಳ್ಳರು ಕದ್ದರು. 7 ಕೋಟಿ ಜನರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಇತ್ಯಾದಿಗಳೂ ಹೋದವು. ಕಳ್ಳರು ಒಳನುಗ್ಗಿದ ಬಾಗಿಲು ವಿಚಿತ್ರವಾದುದು. ಅಂಗಡಿಗಳ ಶೈತ್ಯ ಯಂತ್ರಗಳ ಕೆಲಸ ವಹಿಸಿಕೊಂಡಿದ್ದ ಒಬ್ಬ ಸಣ್ಣ ಗುತ್ತಿಗೆದಾರನಿಗೆ ಮೋಸದ ಇಮೇಲ್ ಕಳುಹಿಸಿ ಆತನ ಪಾಸ್‌ವರ್ಡನ್ನು ಕದ್ದರು. ಅದರಿಂದ ಟಾರ್ಗೆಟ್‌ನ ಜಾಲದೊಳಗೆ ಹೊಕ್ಕು, ಅಲ್ಲಿಂದ ಕ್ಯಾಶ್ ಕೌಂಟರಿನ ಯಂತ್ರಗಳವರೆಗೆ ತಲುಪಿದರು. ಫ್ರಿಜ್ ರಿಪೇರಿಗೆ ಬಂದವನಿಗೆ ಕೊಟ್ಟ ಬೀಗದ ಕೈಯಿಂದ ತಿಜೋರಿಯೂ ತೆರೆಯುವಂತಿದ್ದರೆ, ಆ ತಪ್ಪು ರಿಪೇರಿಯವನದೋ, ಮನೆ ಕಟ್ಟಿದವನದೋ?

ಇನ್ನು ಬೆಂಗಳೂರಿನ ವಿಷಯ. ಇಂತಹ ಆಕ್ರಮಣವನ್ನು ಗುರುತಿಸುವ ದುಬಾರಿ ಸಾಧನವೊಂದನ್ನು ಟಾರ್ಗೆಟ್ ಕೆಲವೇ ತಿಂಗಳ ಹಿಂದೆ ಅಳವಡಿಸಿಕೊಂಡಿತ್ತು. ಅದರ ಮೇಲೆ ಹಗಲಿರುಳು ಕಣ್ಣಿಡಲು ಬೆಂಗಳೂರಿನಲ್ಲಿ ಒಂದು ತಂಡವಿತ್ತು. ನವೆಂಬರ್ 30ರಂದು ಆ ಸಾಧನವು ಎಚ್ಚರಿಕೆ ನೀಡಿತು. ಬೆಂಗಳೂರಿನ ತಂಡವು ಅದನ್ನು ಮಿನಿಯಾಪೊಲಿಸ್‌ನ ಕೇಂದ್ರ ಕಚೇರಿಗೆ ತಿಳಿಸಿತು. ಅಲ್ಲಿ ಯಾರೂ ಕದಲಲಿಲ್ಲ ಎಂದು ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ 2014ರಲ್ಲಿ ವರದಿ ಮಾಡಿತು. ಸೂಚನೆಯನ್ನು ಪರಿಶೀಲಿಸಿ, ತಕ್ಷಣದ ಕ್ರಮ ಅಗತ್ಯವಿಲ್ಲವೆಂದು ತೀರ್ಮಾನಿಸಿದ್ದೆವು ಎಂಬ ಅರ್ಥದ ಸಮಜಾಯಿಷಿಯನ್ನು ಸಂಸ್ಥೆಯೂ ಕೊಟ್ಟಿತು. ಕಾವಲುಗಾರ ಕೂಗಿ ಹೇಳಿದರೂ ಯಜಮಾನ ಮಗ್ಗುಲು ಬದಲಿಸಿ ಮಲಗಿದಂತಾಯಿತು. ಕೊನೆಗೆ ಡಿಸೆಂಬರ್ 12ರಂದು ಸರ್ಕಾರದ ನ್ಯಾಯ ಇಲಾಖೆಯೇ ಕರೆ ಮಾಡಿ ತಿಳಿಸಬೇಕಾಯಿತು.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕಾರ್ಡು ಜಾಲಗಳು ಸೇರಿ ರೂಪಿಸಿದ ಸುರಕ್ಷತಾ ನಿಯಮಾವಳಿಯನ್ನು ಪಾಲಿಸುತ್ತಿದೆ ಎಂಬ ಪ್ರಮಾಣಪತ್ರ ಟಾರ್ಗೆಟ್‌ಗೆ ದೊರೆತದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಪ್ರಮಾಣಪತ್ರ ಬೇರೆ, ಕಾವಲು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಸೋರಿಕೆಯಾದ ಮರುದಿನವೇ ಕಂಪೆನಿಗಳು, ನಾವು ಎಲ್ಲ ನಿಯಮಗಳನ್ನೂ ಪಾಲಿಸಿದ್ದೆವು, ನಾವೂ ಸಂತ್ರಸ್ತರೇ ಎನ್ನುವುದು ಈಗ ವಾಡಿಕೆಯಾಗಿದೆ. ಈ ವಾದವನ್ನು ನಾವು ಒಪ್ಪಲಾರೆವು. ಕಳ್ಳತನ ನಡೆದ ಮನೆಯವನು ಸಂತ್ರಸ್ತನೇ. ಆದರೆ ಕದ್ದುಹೋದದ್ದು ನೆರೆಯವರು ಅವನಲ್ಲಿ ಇಟ್ಟಿದ್ದ ಒಡವೆಯಾದರೆ ಲೆಕ್ಕ ಬೇರೆಯಾಗುತ್ತದೆ.

ಆ ಲೆಕ್ಕವನ್ನು ನಮ್ಮ ಫಿಕ್‌ಹ್ ವಿದ್ವಾಂಸರು ಬಹಳ ಹಿಂದೆಯೇ ಮಾಡಿದ್ದಾರೆ. ಅಮಾನತ್ ಎಂಬ ಪದ ಕನ್ನಡಕ್ಕೆ ಹೊಸತಲ್ಲ. ಇಂದು ಪತ್ರಿಕೆಗಳಲ್ಲಿ ನೌಕರನೊಬ್ಬ ಅಮಾನತಾದ ಎಂದು ಓದುವಾಗ ಅದರ ಮೂಲಾರ್ಥ ಯಾರಿಗೂ ನೆನಪಾಗುವುದಿಲ್ಲ, ಅದು ಬೇರೆ ಮಾತು. ನಂಬಿ ಒಪ್ಪಿಸಿದ ವಸ್ತು ಎಂಬುದು ಅದರ ಅರ್ಥ. ಹಾಗೆಯೇ ನಮ್ಮ ಕೋರ್ಟು ಕಚೇರಿಗಳಲ್ಲಿ ದಿನನಿತ್ಯ ಕೇಳುವ ಜಾಮೀನು ಕೂಡಾ ಅರಬಿಯ ಝಾಮಿನ್, ಅಂದರೆ ನಷ್ಟಕ್ಕೆ ಹೊಣೆಗಾರನಾದವನು ಎಂಬ ಪದದಿಂದ ಬಂದುದು. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಆದೇಶವು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿದೆ. ಪ್ರವಾದಿಯವರು(ಸ) ಮಕ್ಕಾವನ್ನು ತೊರೆಯಬೇಕಾಗಿ ಬಂದ ರಾತ್ರಿ, ತಮ್ಮಲ್ಲಿ ಜನರು ಇಟ್ಟಿದ್ದ ಅಮಾನತ್ತುಗಳನ್ನು ಹಿಂದಿರುಗಿಸಲು ಹಝ್ರತ್ ಅಲೀಯವರನ್ನು(ರ) ಅಲ್ಲಿಯೇ ಬಿಟ್ಟು ಹೋದರೆಂಬುದನ್ನು ನಮ್ಮ ಮಕ್ಕಳು ಮದ್ರಸದಲ್ಲೇ ಕಲಿಯುತ್ತಾರೆ. ಆ ಒಡವೆಗಳ ಮಾಲೀಕರಲ್ಲಿ ಅವರ ವಿರೋಧಿಗಳೂ ಇದ್ದರು.

ಫಿಕ್‌ಹ್‌ನ ಸಾಮಾನ್ಯ ನಿಯಮವೇನೆಂದರೆ, ಅಮಾನತ್ ಇಟ್ಟುಕೊಂಡವನು ಎಚ್ಚರದಿಂದ ಕಾಪಾಡಿಯೂ ವಸ್ತು ಕಳವಾದರೆ ಆತ ಅದನ್ನು ತುಂಬಿಕೊಡಬೇಕಾಗಿಲ್ಲ. ಅಸಡ್ಡೆ ತೋರಿದರೆ ಅಥವಾ ಮಿತಿಮೀರಿ ಬಳಸಿಕೊಂಡರೆ ತುಂಬಿಕೊಡಲೇಬೇಕು. ಕಂಪೆನಿಗಳಿಗೆ ಈ ನಿಯಮದ ಮೊದಲರ್ಧ ಬಹಳ ಪ್ರಿಯವಾದೀತು. ಆದರೆ ಚರ್ಚೆ ಅಲ್ಲಿಗೇ ನಿಲ್ಲುವುದಿಲ್ಲ. ಇಟ್ಟುಕೊಂಡವನು ಮಾಲೀಕನ ಒಪ್ಪಿಗೆಯಿಲ್ಲದೆ, ಅನಿವಾರ್ಯತೆಯೂ ಇಲ್ಲದೆ, ಆ ವಸ್ತುವನ್ನು ಹೊರಗಿನ ಮೂರನೆಯವನ ಕೈಗೆ ಒಪ್ಪಿಸಿ ಅಲ್ಲಿ ಅದು ನಾಶವಾದರೆ? ಇಮಾಮ್ ಅಬೂ ಹನೀಫರ ಪ್ರಕಾರ ಮೊದಲನೆಯವನೇ ಹೊಣೆ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್‌ರ ಪ್ರಕಾರ ಮಾಲೀಕನು ಇಬ್ಬರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಎರಡು ಅಭಿಪ್ರಾಯಗಳಲ್ಲಿ ಯಾವುದನ್ನು ಒಪ್ಪಿದರೂ, ನೀನು ಹೋಗಿ ಆ ಮೂರನೆಯವನನ್ನೇ ಹುಡುಕಿಕೋ ಎಂದು ಮಾಲೀಕನನ್ನು ಸಾಗಹಾಕುವ ಸ್ವಾತಂತ್ರ್ಯ ಮೊದಲನೆಯವನಿಗೆ ಇಲ್ಲ. 2016ರ ಪ್ರಕರಣಕ್ಕೆ ಇದನ್ನು ಹೊಂದಿಸಿ ನೋಡಿ. ಎಟಿಎಂಗಳನ್ನು ಗುತ್ತಿಗೆಗೆ ಕೊಡುವಾಗ ಗ್ರಾಹಕನ ಒಪ್ಪಿಗೆಯನ್ನು ಯಾರಾದರೂ ಕೇಳಿದ್ದರೇ? ಅರ್ಜಿಯ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಕೇಳಿದ್ದರೆಂದು ವಾದಿಸಬಹುದು. ಓದಲಾಗದ ಅಕ್ಷರದಲ್ಲಿ ಪಡೆದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನಮಗೆ ಮನಸ್ಸಾಗುವುದಿಲ್ಲ. ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಬ್ಯಾಂಕಿನ ಹೊಣೆ ಕಡಿಮೆಯಾಗುವುದಿಲ್ಲ ಎಂದು ನಮ್ಮ ರಿಸರ್ವ್ ಬ್ಯಾಂಕ್ ಕೂಡಾ ತನ್ನ ನಿರ್ದೇಶನಗಳಲ್ಲಿ ಹೇಳಿದೆ.

ಇದಕ್ಕಿಂತಲೂ ನಮ್ಮ ಕಾಲಕ್ಕೆ ಹತ್ತಿರವಾದುದು ಕುಶಲಕರ್ಮಿಗಳ ಕುರಿತ ತೀರ್ಪು. ಬಟ್ಟೆ ಹೊಲಿಯುವ ದರ್ಜಿ, ಬಣ್ಣ ಹಾಕುವವನು, ಒಡವೆ ಮಾಡುವ ಅಕ್ಕಸಾಲಿಗ ಇವರೆಲ್ಲ ಊರಿನ ಎಲ್ಲರ ವಸ್ತುಗಳನ್ನೂ ತೆಗೆದುಕೊಂಡು ಕೂಲಿಗೆ ಕೆಲಸ ಮಾಡುವವರು. ಮೂಲ ನಿಯಮದ ಪ್ರಕಾರ ಅವರೂ ಅಮಾನತ್ ಇಟ್ಟುಕೊಂಡವರೇ. ಆದರೆ ಅವರ ಅಂಗಡಿಯಲ್ಲಿ ಕಳೆದುಹೋದ ವಸ್ತುವಿಗೆ ಅವರನ್ನೇ ಹೊಣೆಯಾಗಿಸಿದ್ದು ಹಝ್ರತ್ ಅಲೀಯವರಿಂದ(ರ) ವರದಿಯಾಗಿದೆ. ಹಾಗೆ ಮಾಡದಿದ್ದರೆ ಜನರ ವ್ಯವಹಾರ ಸರಿಹೋಗದು ಎಂಬುದು ಅದರ ಹಿಂದಿನ ವಿವೇಕ. ಬಟ್ಟೆ ಕೊಟ್ಟವನು ಅಂಗಡಿಯೊಳಗೆ ಏನು ನಡೆಯಿತೆಂದು ಎಂದಿಗೂ ಸಾಬೀತುಪಡಿಸಲಾರ. ಕಳೆದುಹೋಯಿತು ಎಂಬ ಒಂದು ಮಾತಿನಿಂದ ಎಲ್ಲರೂ ಪಾರಾಗುವಂತಾದರೆ ಜನರ ಸೊತ್ತಿಗೆ ಬೆಲೆಯೇ ಇರದು. ಇಮಾಮ್ ಮಾಲಿಕ್ ಇದನ್ನು ಒಪ್ಪಿದರು. ಅಬೂ ಯೂಸುಫ್ ಮತ್ತು ಮುಹಮ್ಮದ್‌ರೂ, ಊರಿಗೇ ಹಬ್ಬಿದ ಬೆಂಕಿಯಂತಹ ತಪ್ಪಿಸಿಕೊಳ್ಳಲಾಗದ ಆಪತ್ತನ್ನು ಹೊರತುಪಡಿಸಿ, ಇದನ್ನೇ ಹೇಳಿದರು. ಇಮಾಮ್ ಅಬೂ ಹನೀಫರು ಮಾತ್ರ ಮೂಲ ನಿಯಮಕ್ಕೇ ಅಂಟಿಕೊಂಡರು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಇಂದಿನ ಬ್ಯಾಂಕು, ಪಾವತಿ ಸಂಸ್ಥೆ ಮತ್ತು ಆನ್‌ಲೈನ್ ಅಂಗಡಿಗಳು ಆ ದರ್ಜಿಯ ಸ್ಥಾನದಲ್ಲಿವೆ ಎಂದು ನಾವು ಭಾವಿಸುತ್ತೇವೆ. ಅವರ ಸರ್ವರಿನೊಳಗೆ ಏನಾಯಿತೆಂಬುದು ಅವರಿಗೆ ಮಾತ್ರ ಗೊತ್ತು. ಕಾವಲಿಗೆ ಎಷ್ಟು ಖರ್ಚು ಮಾಡಬೇಕೆಂದು ನಿರ್ಧರಿಸುವವರೂ ಅವರೇ, ಆ ಮಾಹಿತಿಯಿಂದ ಲಾಭ ಪಡೆಯುವವರೂ ಅವರೇ. ಆದ್ದರಿಂದ ತಪ್ಪು ನಮ್ಮದಲ್ಲ ಎಂದು ತೋರಿಸುವ ಭಾರವೂ ಅವರ ಮೇಲೆಯೇ ಇರಬೇಕು. ಹೀಗಾದರೆ ಖರ್ಚನ್ನು ಅವರು ಕಾರ್ಡಿನ ವಾರ್ಷಿಕ ಶುಲ್ಕದಲ್ಲಿ ನಮ್ಮಿಂದಲೇ ವಸೂಲು ಮಾಡುತ್ತಾರೆ ಎಂಬ ಆಕ್ಷೇಪವಿದೆ. ಮಾಡಬಹುದು. ಲಕ್ಷ ಮಂದಿ ಹತ್ತು ಹತ್ತು ರೂಪಾಯಿ ಕೊಡುವುದು, ಒಬ್ಬ ವಿಧವೆಯ ಹತ್ತು ಲಕ್ಷ ಹೋಗುವುದು ಇವೆರಡರಲ್ಲಿ ಯಾವುದು ಸಹ್ಯ ಎಂದು ಕೇಳಿದರೆ ಉತ್ತರಕ್ಕಾಗಿ ತಡಕಾಡಬೇಕಿಲ್ಲ.

ಸಂತೋಷದ ವಿಷಯವೆಂದರೆ, ನಮ್ಮ ದೇಶದ ನಿಯಮ ಬಹುಮಟ್ಟಿಗೆ ಇದೇ ದಿಕ್ಕಿನಲ್ಲಿದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಪ್ರತಿ ಮನೆಯಲ್ಲೂ ತಿಳಿದಿರಬೇಕು. ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕನಿಗೆ ಒಂದು ರೂಪಾಯಿಯ ಹೊಣೆಯೂ ಇಲ್ಲ. ಆತ ದೂರು ಕೊಡಲು ತಡಮಾಡಿದರೂ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲಿ ಎಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನಗಳಾದರೆ ಆತನ ಪಾಲಿಗೆ ಮಿತಿಯಿದೆ. ಸಾಮಾನ್ಯ ಉಳಿತಾಯ ಖಾತೆಗೆ ಅದು 10,000 ರೂಪಾಯಿ, ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ. ಏಳು ದಿನ ಮೀರಿದರೆ ಆಯಾ ಬ್ಯಾಂಕಿನ ನೀತಿಯಂತೆ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತೋರಿಸಬೇಕು, 90 ದಿನಗಳೊಳಗೆ ತೀರ್ಮಾನಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕನೇ ತಪ್ಪಿತಸ್ಥನೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನದು. ಕೌಂಟರಿನ ಮುಂದೆ ಕಣ್ಣೀರಿಡುವ ತಾಯಿಗೆ ಈ ಕೊನೆಯ ಮಾತನ್ನು ಯಾರೂ ಹೇಳುವುದಿಲ್ಲ.

ಗ್ರಾಹಕನೇ ಒಟಿಪಿ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಆತನದೇ. ಮೇಲ್ನೋಟಕ್ಕೆ ಇದು ನ್ಯಾಯವೇ. ತನ್ನ ಬಾಗಿಲನ್ನು ತಾನೇ ತೆರೆದವನು ಯಾರನ್ನು ದೂರುವುದು? ಆದರೂ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಮೋಸಗಾರ ಕರೆ ಮಾಡಿದಾಗ ಆತನಿಗೆ ನಮ್ಮ ಹೆಸರು, ಬ್ಯಾಂಕಿನ ಹೆಸರು, ಕೆಲವೊಮ್ಮೆ ಕಾರ್ಡಿನ ಸಂಖ್ಯೆಯೂ ಗೊತ್ತಿರುತ್ತದೆ. ಅಷ್ಟೆಲ್ಲ ಗೊತ್ತಿರುವವನು ಬ್ಯಾಂಕಿನವನೇ ಇರಬೇಕೆಂದು ನಂಬಿಯೇ ವೃದ್ಧರು ಒಟಿಪಿ ಹೇಳುವುದು. ಆ ವಿವರ ಆತನಿಗೆ ಸಿಕ್ಕಿದ್ದೆಲ್ಲಿಂದ? ಹಿಂದೆ ಎಲ್ಲೋ ಸೋರಿದ ಮಾಹಿತಿ ಇಂದಿನ ಮೋಸಕ್ಕೆ ಬಂಡವಾಳವಾಗಿರುವ ಸಾಧ್ಯತೆಯನ್ನು ತನಿಖೆ ಮಾಡದೆ, ಒಟಿಪಿ ಕೊಟ್ಟದ್ದು ನೀವೇ ಎಂದು ಕಡತ ಮುಚ್ಚುವುದು ಅರ್ಧ ನ್ಯಾಯ.

ದಂಡದ ಹಣ ಯಾರಿಗೆ ಸೇರುತ್ತದೆ ಎಂಬುದೂ ಯೋಚಿಸಬೇಕಾದ ವಿಷಯ. ಟಾರ್ಗೆಟ್ ಪ್ರಕರಣದಲ್ಲಿ ಗ್ರಾಹಕರ ಸಾಮೂಹಿಕ ದಾವೆ 1 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ವೀಸಾ ಕಾರ್ಡು ಕೊಟ್ಟ ಬ್ಯಾಂಕುಗಳಿಗೆ ಒಪ್ಪಿಕೊಂಡದ್ದು 6.7 ಕೋಟಿ ಡಾಲರ್‌ವರೆಗೆ, 2017ರಲ್ಲಿ 47 ರಾಜ್ಯಗಳಿಗೆ ಮತ್ತು ವಾಷಿಂಗ್ಟನ್ ಡಿ.ಸಿ.ಗೆ ಕೊಟ್ಟದ್ದು 1.85 ಕೋಟಿ. 4 ಕೋಟಿ ಕಾರ್ಡುಗಳಿಗೆ 1 ಕೋಟಿ ಡಾಲರನ್ನು ಭಾಗಿಸಿ ನೋಡಿದರೆ ಸಂತ್ರಸ್ತನ ಪಾಲು ತಿಳಿಯುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಇಟ್ಟುಕೊಂಡ ಸಂಸ್ಥೆಯನ್ನು ಡೇಟಾ ಫಿಡ್ಯೂಷಿಯರಿ ಎಂದು ಕರೆಯುತ್ತದೆ. ನಂಬಿಕೆಯ ಮೇಲೆ ಇಟ್ಟುಕೊಂಡವನು ಎಂದೇ ಅದರ ಅರ್ಥ. ಅಮಾನತ್‌ಗೆ ಇದಕ್ಕಿಂತ ಹತ್ತಿರದ ಕಾನೂನು ಪದ ಸಿಗದು. ಕಾವಲು ತಪ್ಪಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡವನ್ನೂ ಅದು ಹೇಳುತ್ತದೆ. ಆದರೆ ಆ ದಂಡ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಅಸಡ್ಡೆಯಿಂದ ನಷ್ಟಕ್ಕೊಳಗಾದವನಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ತೆಗೆದುಹಾಕುವ ಅವಕಾಶವೂ ಇದೇ ಕಾಯ್ದೆಯಲ್ಲಿದೆ. ಅಮಾನತ್ ಹಕ್ಕುದಾರನದು, ದಂಡ ಮಾತ್ರ ಸರ್ಕಾರದ್ದು. ಈ ವ್ಯತ್ಯಾಸವನ್ನು ಸರಿಪಡಿಸಬೇಕೆಂದು ಜನಪ್ರತಿನಿಧಿಗಳನ್ನು ಕೇಳುವವರು ಯಾರೂ ಕಾಣುತ್ತಿಲ್ಲ.

ಬ್ಯಾಂಕುಗಳಿಗೆ ಇಷ್ಟೆಲ್ಲ ಹೇಳಿದ ಮೇಲೆ ನಮ್ಮವರ ಅಂಗಡಿಗಳ ಕಡೆಗೂ ನೋಡಬೇಕು. ನಮ್ಮಲ್ಲಿ ಬಟ್ಟೆ ಅಂಗಡಿಯವರಿದ್ದಾರೆ, ಹೋಟೆಲಿನವರಿದ್ದಾರೆ, ಉಮ್ರಾ ಪ್ರಯಾಣ ಏರ್ಪಡಿಸುವವರಿದ್ದಾರೆ. ಟಿಕೆಟ್ ಮಾಡಬೇಕು, ಕಾರ್ಡಿನ ಎರಡೂ ಬದಿಯ ಫೋಟೋ ವಾಟ್ಸ್ಆ್ಯಪ್ ಮಾಡಿ ಎಂದು ಕೇಳುವ ಅಭ್ಯಾಸ ಇನ್ನೂ ಹೋಗಿಲ್ಲ. ಪಾಸ್‌ಪೋರ್ಟಿನ ಪ್ರತಿಯೊಡನೆ ಆ ಫೋಟೋವೂ ಕೆಲಸದ ಹುಡುಗನ ಮೊಬೈಲಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆತ ಕೆಲಸ ಬಿಟ್ಟರೆ ಮೊಬೈಲೂ ಆತನೊಡನೆ ಹೋಗುತ್ತದೆ. ಕಾರ್ಡಿನ ಹಿಂಬದಿಯ ಮೂರು ಅಂಕಿಗಳನ್ನು ವ್ಯವಹಾರ ಮುಗಿದ ಬಳಿಕ ಯಾರೂ ಇಟ್ಟುಕೊಳ್ಳಬಾರದೆಂಬುದು ಕಾರ್ಡು ಜಾಲಗಳದೇ ನಿಯಮ. 2022ರ ಅಕ್ಟೋಬರ್ 1ರಿಂದ ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡು ಜಾಲಗಳ ಹೊರತು ಬೇರೆ ಯಾವ ವ್ಯಾಪಾರಿಯೂ ಪೂರ್ಣ ಕಾರ್ಡು ಸಂಖ್ಯೆಯನ್ನು ಸಂಗ್ರಹಿಸಿಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ದೊಡ್ಡ ಆನ್‌ಲೈನ್ ಅಂಗಡಿಗಳು ಇದಕ್ಕಾಗಿ ತಮ್ಮ ವ್ಯವಸ್ಥೆಯನ್ನೇ ಬದಲಿಸಿಕೊಂಡವು. ಹರಮ್‌ಗೆ ಹೊರಟವರ ಕಾರ್ಡಿನ ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡು ತಿರುಗುವ ಏಜೆಂಟರು ಅದನ್ನು ಅಳಿಸಲು ಯಾವ ವ್ಯವಸ್ಥೆಯನ್ನೂ ಬದಲಿಸಬೇಕಿಲ್ಲ. ಪಾವತಿಯ ಲಿಂಕ್ ಕಳುಹಿಸಿದರೆ ಆ ಚಿತ್ರದ ಅಗತ್ಯವೇ ಬೀಳುವುದಿಲ್ಲ.

ಮನೆಯವರು ಮಾಡಬೇಕಾದದ್ದು ಹೆಚ್ಚಿಲ್ಲ. ತಾವು ಮಾಡದ ವ್ಯವಹಾರದ ಸಂದೇಶ ಬಂದ ಕೂಡಲೇ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡು ಮುಚ್ಚಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಬೇಕು. ಶಾಖೆಗೆ ಲಿಖಿತವಾಗಿ ಕೊಟ್ಟ ದೂರಿಗೆ ಮೊಹರು ಹಾಕಿಸಿಕೊಳ್ಳಬೇಕು. 30 ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಆಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಮೂರು ದಿನಗಳ ಲೆಕ್ಕದಲ್ಲಿ ಗೊಂದಲ ಬೇಡ. ಸಂದೇಶ ಬಂದ ದಿನವನ್ನು ಬಿಟ್ಟು, ತಮ್ಮ ಶಾಖೆ ತೆರೆದಿರುವ ದಿನಗಳನ್ನಷ್ಟೇ ಎಣಿಸಬೇಕು. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಸಂಜೆ ಸಂದೇಶ ಬಂದರೆ, ನಡುವೆ ಬೇರೆ ರಜೆಯಿಲ್ಲದಿದ್ದಲ್ಲಿ, ಸೋಮವಾರ ಮೊದಲ ದಿನ, ಬುಧವಾರ ಕೊನೆಯ ದಿನ.